ಬೇಡ ಎನ್ನಲು ಬೇಕಾದ ರೊಕ್ಕ

ಕಾಂಡೋಮ್ ಬೇಡ, ಇನ್ನೂರು ರೂಪಾಯಿ ಹೆಚ್ಚಿಗೆ ಕೊಡುತ್ತೇನೆ ಅನ್ನುತ್ತಾನೆ ಗಿರಾಕಿ. ಎಚ್‌ಐವಿ ಹೇಗೆ ಹರಡುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ಚೀಲದಲ್ಲಿ ನಿರೋಧ್ ಇದೆ, ಹೋದ ತಿಂಗಳಷ್ಟೇ ಸರ್ಕಾರದ ಎಚ್‌ಐವಿ ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ರಕ್ತ ಪರೀಕ್ಷೆಯೂ ಆಗಿದೆ. ಆದರೂ ಒಪ್ಪಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಆ ದಿನ ಸಂಜೆಯೊಳಗೆ ಮನೆಗೆ ಎಷ್ಟು ರೊಕ್ಕ ಬೇಕು ಎಂಬ ಲೆಕ್ಕ. ಮಗುವಿಗೆ ಜ್ವರ ಇರಬಹುದು, ಬಾಡಿಗೆಯ ಕಡೇ ದಿನ ಇರಬಹುದು, ದಿನದ ಕಂತಿನವನು ಬಾಗಿಲಲ್ಲಿ ನಿಂತಿರಬಹುದು. ಉತ್ತರ ಕರ್ನಾಟಕದ ಊರುಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ಜೊತೆ ಉಳಿತಾಯ ಸಂಘ, ತುರ್ತು ಸಾಲ, ಎರಡನೇ ದುಡಿಮೆ ಇವನ್ನು ಕಟ್ಟಿದ ಕೆಲಸದ ವಿವರ ಇದು. ಇದೇ ಕೆಲಸಕ್ಕೆ ಇಳಿಯುವವರಿಗೆ ನೆರವಾಗಲಿ ಎಂದು ಮೊತ್ತ, ನಿಯಮ, ಎಡವುವ ಜಾಗ ಎಲ್ಲವನ್ನೂ ಬಿಡಿಸಿ ಬರೆದಿದ್ದೇವೆ.

ಕಾಂಡೋಮ್‌ಗೆ ಪಟ್ಟು ಹಿಡಿದರೆ ಆಗುವ ನಷ್ಟವನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಕೋಲ್ಕತ್ತದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸದಾ ಕಾಂಡೋಮ್ ಬಳಸುವ ಮಹಿಳೆಯರಿಗೆ ಆಗುವ ಆದಾಯದ ನಷ್ಟ ನೂರಕ್ಕೆ 66ರಿಂದ 79ರಷ್ಟು ಎಂದು ಕಂಡುಬಂತು. ಮೆಕ್ಸಿಕೋದಲ್ಲಿ ಕಾಂಡೋಮ್ ಇಲ್ಲದ ಸಂಭೋಗಕ್ಕೆ ಗಿರಾಕಿಗಳು ನೂರಕ್ಕೆ 23ರಷ್ಟು ಹೆಚ್ಚಿಗೆ ಕೊಡುತ್ತಿದ್ದರು. ನಮ್ಮ ಕೆಲಸಕ್ಕೆ ದಾರಿ ತೋರಿದ್ದು ಪಶ್ಚಿಮ ಕೀನ್ಯಾದ ಲೆಕ್ಕ. ಅಲ್ಲಿ 192 ಮಹಿಳೆಯರು ದಿನದಿನದ ಡೈರಿ ಬರೆದರು. ಮನೆಯಲ್ಲಿ ಯಾರಾದರೂ, ಹೆಚ್ಚಾಗಿ ಮಗು, ಕಾಯಿಲೆ ಬಿದ್ದ ದಿನ ಅವರು ರಕ್ಷಣೆಯಿಲ್ಲದ ಸಂಭೋಗಕ್ಕೆ ಒಪ್ಪುವ ಸಾಧ್ಯತೆ ನೂರಕ್ಕೆ 19ರಷ್ಟು ಏರುತ್ತಿತ್ತು.

ಅಂದರೆ ಅಪಾಯ ಇರುವುದು ಒಂದೊಂದು ದಿನದಲ್ಲಿ. ಇಡೀ ವರ್ಷದ ಬಡತನವನ್ನು ನೀಗಿಸುವ ಶಕ್ತಿ ಒಂದು ಸಂಘಕ್ಕಿಲ್ಲ. ಆದರೆ ಆ ಒಂದು ದಿನ 3,000 ರೂಪಾಯಿ ಕೈಗೆ ಸಿಗುವಂತೆ ಮಾಡಲು ಹದಿನೈದು ಜನ ಸಾಕು. ಆದ್ದರಿಂದ ಹೊಲಿಗೆ ಯಂತ್ರ, ತರಬೇತಿ, ಅಂಗಡಿ ಎಲ್ಲಕ್ಕಿಂತ ಮೊದಲು ಕಟ್ಟಬೇಕಾದದ್ದು ಈ ತುರ್ತು ಗಂಟನ್ನು. ಈ ಕ್ರಮವನ್ನು ತಿರುವುಮುರುವು ಮಾಡಿದ ಕಡೆಗಳಲ್ಲೆಲ್ಲ ಯಂತ್ರ ಗಿರವಿಗೆ ಹೋಗಿದೆ.

ಮೊದಲು ತಿಂಗಳ ಚಿತ್ರ

ಆದಾಯ ಎಷ್ಟು ಎಂದು ಕೇಳುವ ಸಮೀಕ್ಷೆಯಿಂದ ಶುರು ಮಾಡಬೇಡಿ. ಮೂವತ್ತು ಚೌಕದ ಹಾಳೆ ಹಾಸಿ, ರೊಕ್ಕ ಬಂದ ದಿನಕ್ಕೆ ಜೋಳದ ಕಾಳು, ಕೈ ಖಾಲಿಯಿದ್ದ ದಿನಕ್ಕೆ ಹುಣಸೆ ಬೀಜ ಇಡಲು ಹೇಳಿ. ಎಂಟು ಹತ್ತು ಜನ ಕೂತು ಮಾಡಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅಕ್ಷರ ಬಾರದವರೂ ಮಾಡಬಹುದು. ಆಮೇಲೆ ಇದನ್ನೇ ಹನ್ನೆರಡು ತಿಂಗಳಿಗೆ ಹಿಗ್ಗಿಸಿ. ಜೂನ್‌ನಲ್ಲಿ ಶಾಲೆಯ ಖರ್ಚು, ಮಳೆಗಾಲದಲ್ಲಿ ಗಿರಾಕಿ ಕಡಿಮೆ, ಜಾತ್ರೆಯಲ್ಲಿ ಹೆಚ್ಚು, ಚುನಾವಣೆ ಹೊತ್ತಿಗೆ ಲಾಡ್ಜುಗಳ ಮೇಲೆ ದಾಳಿ. ಯಾರ ಹೆಸರೂ ಇಲ್ಲದ ಈ ಹಾಳೆಯಿಂದ ಎರಡು ಉತ್ತರ ಸಿಗಬೇಕು: ತಿಂಗಳಲ್ಲಿ ಎಷ್ಟು ದಿನ ಉಳಿತಾಯ ಹಾಕಬಹುದು, ಮತ್ತು ಒಂದು ಕೆಟ್ಟ ದಿನವನ್ನು ದಾಟಲು ಎಷ್ಟು ಬೇಕು. ಎರಡನೆಯದು 2,000ರಿಂದ 5,000ದ ಒಳಗೇ ಬರುತ್ತದೆ. ಊರಿನ ಬಾಡಿಗೆ, ಖಾಸಗಿ ಆಸ್ಪತ್ರೆಯ ದರ ನೋಡಿ ನಿಮ್ಮ ಅಂಕಿ ಇಟ್ಟುಕೊಳ್ಳಿ.

ದಿನದ ಉಳಿತಾಯ

ತಿಂಗಳಿಗೊಮ್ಮೆ ಇನ್ನೂರು ಕಟ್ಟಿ ಎನ್ನುವ ಸಂಘ ಇವರಿಗೆ ಹೊಂದುವುದಿಲ್ಲ. ರೊಕ್ಕ ದಿನಾ ಬರುತ್ತದೆ, ದಿನಾ ಹೋಗುತ್ತದೆ. ರಾತ್ರಿ ಮನೆಗೆ ಹೋದ ಮೇಲೆ ಅದು ಸಂಗಾತಿಗೆ, ಸಾಲಗಾರನಿಗೆ, ಅಣ್ಣನ ಮಕ್ಕಳಿಗೆ ಹಂಚಿಹೋಗುತ್ತದೆ. ಇದಕ್ಕೆ ಹೊರಗಿನ ಮಾದರಿ ಹುಡುಕಬೇಕಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಹೋಗಿ ಎರಡಾಣೆ ಎತ್ತುತ್ತಿದ್ದರು. ಪಿಗ್ಮಿ ಎಂದರೆ ಇಂದಿಗೂ ಎಲ್ಲರಿಗೂ ಅರ್ಥವಾಗುತ್ತದೆ, ವಿವರಣೆ ಬೇಕಿಲ್ಲ.

ಸಂಗ್ರಹದ ಹೊತ್ತು ಬೆಳಗ್ಗೆ 11ರಿಂದ ಮಧ್ಯಾಹ್ನ 1 ಗಂಟೆ. ರಾತ್ರಿ ಎತ್ತಲು ಹೋದರೆ ಗಿರಾಕಿ, ದಂಧೆಯ ಮನೆ ನಡೆಸುವ ಘರವಾಲಿ, ಪೊಲೀಸರು ಎಲ್ಲರ ಕಣ್ಣೂ ಬೀಳುತ್ತದೆ. ಮೊತ್ತ 10, 20, 30, 50 ಇವುಗಳಲ್ಲಿ ಯಾವುದಾದರೂ ಸರಿ. ಇಲ್ಲದ ದಿನ ಸೊನ್ನೆ, ಅದಕ್ಕೆ ದಂಡ ಬೇಡ. ದಂಡ ಹಾಕಿದರೆ ದಂಡ ಕಟ್ಟಲಾರದವರು ಸಂಘವನ್ನೇ ಬಿಡುತ್ತಾರೆ, ಹಾಗೆ ಬಿಡುವವರೇ ಅತಿ ಹೆಚ್ಚು ಅಪಾಯದಲ್ಲಿರುವವರು. ಚೀಟಿ ಹಾಕುವುದರಲ್ಲೂ ಇದೇ ತೊಂದರೆ. ಎರಡು ಕಂತು ತಪ್ಪಿದರೆ ಇಡೀ ಗುಂಪಿಗೆ ಮುಖ ತೋರಿಸಲಾಗದು.

ಹಾಕಿದ ರೊಕ್ಕವನ್ನು ಎರಡು ಗಂಟಾಗಿ ಬರೆಯಿರಿ. ಮೂರರಲ್ಲಿ ಎರಡು ಪಾಲು ಆಕೆಯ ಸ್ವಂತ ಗಂಟು, ಬೇಕಾದಾಗ ತೆಗೆಯಬಹುದು, ಕಾರಣ ಹೇಳಬೇಕಿಲ್ಲ. ಒಂದು ಪಾಲು ಸಂಘದ ಗಂಟು. ಹದಿನೈದು ಜನ, ದಿನಕ್ಕೆ 30 ರೂಪಾಯಿ, ತಿಂಗಳಿಗೆ 22 ದಿನ ಎಂದು ಹಿಡಿದರೆ ಒಬ್ಬರಿಗೆ 660, ಗುಂಪಿಗೆ 9,900. ಇದರಲ್ಲಿ 3,300 ಸಂಘದ ಗಂಟಿಗೆ. ಆರು ತಿಂಗಳಿಗೆ ಅದು 19,800 ಆಗುತ್ತದೆ, ಪ್ರತಿಯೊಬ್ಬರ ಸ್ವಂತ ಗಂಟಿನಲ್ಲಿ 2,640 ಇರುತ್ತದೆ. ಕೆಟ್ಟ ದಿನಕ್ಕೆ ಬೇಕಾದ 3,000ದ ಬಹುಪಾಲು ಆಕೆಯ ಹತ್ತಿರವೇ ಆಗಲೇ ಇದೆ. ಸಭೆಯಲ್ಲಿ ಈ ಲೆಕ್ಕವನ್ನು ಕಾಳು ಇಟ್ಟು ತೋರಿಸಿ. ಬಡ್ಡಿಯ ಲೆಕ್ಕ ಬಾಯಲ್ಲೇ ಹೇಳುವವರಿಗೂ ಕೂಡಿಟ್ಟದ್ದು ಇಷ್ಟಾಗುತ್ತದೆ ಎಂಬುದು ಹೊಸದು.

ಸಂಗ್ರಹ ಮಾಡುವವರು ಯಾರು ಎಂಬುದರಲ್ಲಿ ಬಹಳ ಕಡೆ ತಪ್ಪಾಗುತ್ತದೆ. ಟಿಐ ಎಂಬ ಸರ್ಕಾರದ ಎಚ್‌ಐವಿ ತಡೆ ಯೋಜನೆಯಲ್ಲಿ ಸುಮಾರು 60 ಮಹಿಳೆಯರಿಗೆ ಒಬ್ಬ ಪೀರ್, ಅಂದರೆ ನಿರೋಧ್ ಕೊಟ್ಟು ಪರೀಕ್ಷೆಯ ದಿನ ನೆನಪಿಸುವ ಅವರದೇ ವೃತ್ತಿಯ ಮಹಿಳೆ, ಇರುತ್ತಾರೆ. ಅವರು ಹೇಗಿದ್ದರೂ ದಿನಾ ಓಡಾಡುತ್ತಾರೆ, ಅವರೇ ಉಳಿತಾಯವನ್ನೂ ಎತ್ತಲಿ ಎಂದು ಸುಲಭಕ್ಕೆ ತೋಚುತ್ತದೆ. ಹಾಗೆ ಮಾಡಬೇಡಿ. ಸಾಲ ಬಾಕಿ ಇರುವಾಕೆ ಪೀರ್ ಬರುವುದನ್ನು ಕಂಡು ಗಲ್ಲಿ ತಪ್ಪಿಸುತ್ತಾಳೆ, ಆಗ ನಿರೋಧ್ ತಪ್ಪುತ್ತದೆ, ಪರೀಕ್ಷೆಯ ದಿನ ತಪ್ಪುತ್ತದೆ. ಯಾವುದನ್ನು ತಡೆಯಲು ಹೊರಟೆವೋ ಅದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ರೊಕ್ಕದ ಅಕ್ಕ ಬೇರೆ, ನಿರೋಧ್ ಕೊಡುವ ಅಕ್ಕ ಬೇರೆ ಇರಲಿ. ಎತ್ತಿದ್ದನ್ನು ಸದಸ್ಯೆಯ ಕಾರ್ಡಿನಲ್ಲೂ ಸಂಘದ ಹಾಳೆಯಲ್ಲೂ ಅಲ್ಲೇ ಬರೆದು ಇಬ್ಬರೂ ರುಜು ಇಲ್ಲವೇ ಹೆಬ್ಬೆಟ್ಟು ಹಾಕಬೇಕು. ಪೆಟ್ಟಿಗೆಯಲ್ಲಿ 5,000ಕ್ಕಿಂತ ಹೆಚ್ಚು ಇಡಬಾರದು, ಉಳಿದದ್ದು ಮರುದಿನ ಬ್ಯಾಂಕಿಗೆ.

ಖಾತೆ ಮತ್ತು ಕಾಗದ

ಎನ್‌ಜಿಒದ ಖಾತೆಯಲ್ಲಿ ಮಹಿಳೆಯರ ಉಳಿತಾಯ ಇಡಲೇಬೇಡಿ. ಅನಿಯಂತ್ರಿತ ಠೇವಣಿ ನಿಷೇಧದ 2019ರ ಕಾಯ್ದೆಯ ಪ್ರಕಾರ ಅದು ತೊಂದರೆಗೆ ಸಿಲುಕಬಹುದು, ಯೋಜನೆ ಮುಗಿದು ಕಚೇರಿ ಮುಚ್ಚಿದರೆ ರೊಕ್ಕಕ್ಕೂ ದಿಕ್ಕಿಲ್ಲ. ಹತ್ತರಿಂದ ಇಪ್ಪತ್ತು ಜನರ ಸ್ವಸಹಾಯ ಸಂಘ ಮಾಡಿ ಅದರ ಹೆಸರಿನಲ್ಲೇ ಉಳಿತಾಯ ಖಾತೆ ತೆಗೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಖಾತೆ ತೆರೆಯಲು ಪದಾಧಿಕಾರಿಗಳ ಗುರುತಿನ ದಾಖಲೆ (ಕೆವೈಸಿ) ಸಾಕು, ಎಲ್ಲ ಸದಸ್ಯೆಯರದ್ದು ಬೇಕಿಲ್ಲ. ಬಹಳ ಶಾಖೆಗಳಲ್ಲಿ ಎಲ್ಲರ ಆಧಾರ್ ಕೇಳುತ್ತಾರೆ. ನಿಯಮದ ಪ್ರತಿಯನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಹೋದರೆ ಮಾತು ಬೇಗ ಮುಗಿಯುತ್ತದೆ. ಸಂಘಕ್ಕೆ ಹೂವಿನದೋ ದೇವಿಯದೋ ಸಾಮಾನ್ಯ ಹೆಸರು ಇಡಿ. ಪಾಸ್‌ಬುಕ್ ಮೇಲಿನ ಹೆಸರು ಯಾರ ಕಸುಬನ್ನೂ ಹೇಳಬಾರದು.

ಯಾವ ಕಾಗದವೂ ಇಲ್ಲದ ಮಹಿಳೆಗೆ ಬ್ಯಾಂಕಿನಲ್ಲಿ ‘ಸಣ್ಣ ಖಾತೆ’ ಎಂಬುದಿದೆ. ತನ್ನ ಫೋಟೊಗೆ ತಾನೇ ರುಜು ಮಾಡಿ, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಖಾತೆ ತೆರೆಯುತ್ತದೆ. ಖಾತೆಯ ಶಿಲ್ಕು 50,000 ದಾಟಬಾರದು, ವರ್ಷದ ಜಮೆ ಒಂದು ಲಕ್ಷದ ಒಳಗೆ, ತಿಂಗಳಿಗೆ ತೆಗೆಯುವುದು 10,000ದ ಒಳಗೆ. ಹನ್ನೆರಡು ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಗುರುತಿನ ದಾಖಲೆಗೆ ಅರ್ಜಿ ಹಾಕಿದ ಪುರಾವೆ ಕೊಟ್ಟರೆ ಇನ್ನೂ ಹನ್ನೆರಡು ತಿಂಗಳು. ಆ ಅವಧಿಯಲ್ಲಿ ಆಧಾರ್ ಮಾಡಿಸಿಬಿಡಬೇಕು. ವಿಳಾಸದ ದಾಖಲೆ ಇಲ್ಲದ ಲೈಂಗಿಕ ವೃತ್ತಿ ಮಹಿಳೆಯರಿಗೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯ ಯೋಜನಾ ನಿರ್ದೇಶಕರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ನೀಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ಆದೇಶಿಸಿದೆ. ಆಕೆಯ ವೃತ್ತಿಯನ್ನು ಸೂಚಿಸುವ ಯಾವ ಸಂಕೇತವೂ ಆಧಾರ್ ಸಂಖ್ಯೆಯಲ್ಲಿ ಇರಬಾರದು ಎಂದೂ ಅದೇ ಆದೇಶದಲ್ಲಿದೆ. ಅರ್ಜಿಗಳನ್ನು ಒಂದೊಂದಾಗಿ ಕಳಿಸುವ ಬದಲು ಹತ್ತು ಹದಿನೈದು ಕೂಡಿಸಿ ಜಿಲ್ಲಾ ಏಡ್ಸ್ ಘಟಕದ ಮೂಲಕ ಕಳಿಸಿದರೆ ಬೇಗ ಆಗುತ್ತದೆ.

ಸಂಘಗಳು ಬೆಳೆದ ಮೇಲೆ ಸಹಕಾರಿ ಸಂಘದ ಯೋಚನೆ ಬರುತ್ತದೆ. ಕೋಲ್ಕತ್ತದ ಸೋನಾಗಾಚಿಯ ಉಷಾ ಸಹಕಾರಿ ಸಂಘ 1995ರಲ್ಲಿ ನೋಂದಣಿಯಾಯಿತು. ಸದಸ್ಯರು ಒಳ್ಳೆಯ ನಡತೆಯವರಾಗಿರಬೇಕು ಎಂಬ ನಿಯಮ ಅಡ್ಡ ಬಂದಿತ್ತು. ಗೃಹಿಣಿಯರು ಎಂದು ಬರೆಸಿ ನೋಂದಣಿ ಮಾಡಿಸಿಕೊಳ್ಳಿ ಎಂಬ ಸಲಹೆಯನ್ನು ಆ ಮಹಿಳೆಯರು ಒಪ್ಪಲಿಲ್ಲ. ಲೈಂಗಿಕ ಕಾರ್ಯಕರ್ತೆಯರೆಂದೇ ನೋಂದಾಯಿಸಿಕೊಂಡರು. ಆ ಗಟ್ಟಿತನಕ್ಕೆ ನಮ್ಮ ಗೌರವವಿದೆ. ಆದರೆ ಸಣ್ಣ ಊರಿನಲ್ಲಿ, ಎರಡು ಓಣಿಯಾಚೆ ಅತ್ತೆಮನೆ ಇರುವ ಕಡೆ, ಹೆಸರು ಹೊರಹಾಕುವ ತೀರ್ಮಾನ ಮಹಿಳೆಯರದೇ ಇರಬೇಕು, ಕಾರ್ಯಕರ್ತರದ್ದಲ್ಲ.

ತುರ್ತು ಗಂಟು

ಮೊದಲ ಆರು ತಿಂಗಳು ಸಂಘದ ಗಂಟಿನಿಂದ ತುರ್ತಿಗೆ ಬಿಟ್ಟು ಬೇರೆ ಸಾಲ ಇಲ್ಲ. ಆಮೇಲೂ 15,000 ತುರ್ತಿಗೆಂದೇ ಉಳಿಯಬೇಕು, ಅಂದರೆ 3,000ದಂತೆ ಐದು ಜನರಿಗೆ ಒಂದೇ ವಾರ ಕೊಡುವಷ್ಟು. ಇದನ್ನು ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ. ಹಬ್ಬದ ಮುಂಚೆ, ಮದುವೆ ಸುಗ್ಗಿಯಲ್ಲಿ ಈ 15,000ದ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ, ಕೇಳುವವರು ಬಹುತೇಕ ಪದಾಧಿಕಾರಿಗಳ ಹತ್ತಿರದವರೇ ಆಗಿರುತ್ತಾರೆ.

ಯಾವುದು ತುರ್ತು ಎಂಬುದನ್ನು ಸದಸ್ಯೆಯರೇ ಪಟ್ಟಿ ಮಾಡಲಿ. ಮಗುವಿನ ಕಾಯಿಲೆ, ಹೆರಿಗೆ, ಬಂಧನ ಮತ್ತು ಜಾಮೀನು, ಹೊಡೆತ ತಿಂದು ಮನೆ ಬಿಡಬೇಕಾದದ್ದು, ಬಾಡಿಗೆಗೆ ಹೊರಹಾಕುವ ಬೆದರಿಕೆ, ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿಬರುವ ಖರ್ಚು, ಲೈಂಗಿಕ ಸೋಂಕಿನ ಚಿಕಿತ್ಸೆ ಮುಗಿಯುವವರೆಗೆ ದಂಧೆಗೆ ಹೋಗದೆ ಇರಬೇಕಾದ ದಿನಗಳ ಊಟ. ಕೊನೆಯದನ್ನು ನಾವು ಶುರುವಿನಲ್ಲಿ ಮರೆತಿದ್ದೆವು. ಮಾತ್ರೆ ಕೊಟ್ಟು ಏಳು ದಿನ ಸಂಭೋಗ ಬೇಡ ಎಂದು ಹೇಳಿ ಕಳಿಸಿದರೆ ಆ ಏಳು ದಿನ ಮನೆ ಹೇಗೆ ನಡೆಯಬೇಕು? ಈಗ ಕ್ಲಿನಿಕ್ಕಿನ ಚೀಟಿ ಬೇಕಿಲ್ಲ, ಆಕೆ ಬಾಯಲ್ಲಿ ಹೇಳಿದರೆ ಸಾಕು, 1,500 ಕೊಡಬೇಕು ಎಂಬ ನಿಯಮವಿದೆ.

ಕೊಡುವ ವಿಧಾನ ಹೀಗೆ. 3,000ದವರೆಗೆ ಇಬ್ಬರು ಪದಾಧಿಕಾರಿಗಳ ಸಹಿ ಸಾಕು, ಸಭೆ ಬೇಡ, ಜಾಮೀನುದಾರರು ಬೇಡ. 5,000ದವರೆಗೆ ಮೂವರ ಸಹಿ. ಕೇಳಿದ ದಿನವೇ ಕೈಗೆ ಸಿಗಬೇಕು. ಮೊದಲ ಮೂವತ್ತು ದಿನ ಬಡ್ಡಿ ಇಲ್ಲ, ಆಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ತೀರಿಸುವುದು ದಿನಕ್ಕೆ 50ರಂತೆ, ಉಳಿತಾಯದ ಹಾಳೆಯಲ್ಲೇ ಇನ್ನೊಂದು ಕಾಲಂ. 3,000 ತೀರಲು 60 ದಿನದ ಕಂತು ಬೇಕು, ತಿಂಗಳಿಗೆ 22 ದಿನದ ಲೆಕ್ಕದಲ್ಲಿ ಮೂರು ತಿಂಗಳ ಒಳಗೆ ಮುಗಿಯುತ್ತದೆ.

ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿಕೈ ಮೂವರ ಹತ್ತಿರ ಎಂಬ ಪದ್ಧತಿ ಹಗಲಿಗೆ ಸರಿ. ಬಂಧನವೂ ಆಸ್ಪತ್ರೆಯೂ ಬರುವುದು ಹೆಚ್ಚಾಗಿ ರಾತ್ರಿ. ಆ ಹೊತ್ತಿನಲ್ಲಿ ಮೂರು ಕೀಲಿಕೈ ಕೂಡುವುದಿಲ್ಲ. ಆದ್ದರಿಂದ ಬಸ್‌ಸ್ಟ್ಯಾಂಡ್, ಸಂತೆಪೇಟೆ, ಹೆದ್ದಾರಿ ಹೀಗೆ ಗಿರಾಕಿ ಸಿಗುವ ಒಂದೊಂದು ಜಾಗಕ್ಕೂ ಒಬ್ಬ ನಂಬಿಕಸ್ತೆಯ ಕೈಯಲ್ಲಿ 2,000 ಇಟ್ಟೆವು. ರಾತ್ರಿ ಕೊಟ್ಟದ್ದಕ್ಕೆ ಬೆಳಗ್ಗೆ ಸಹಿ, ಬೆಳಗ್ಗೆಯೇ ಆ ಮೊತ್ತ ಮತ್ತೆ ತುಂಬಬೇಕು. ಇದರಲ್ಲಿ ಕಳೆದುಹೋಗುವ ಅಪಾಯ ಇದೆ. ಆದರೆ ರಾತ್ರಿ ಸಿಗದ ತುರ್ತು ಸಾಲ ಈ ಕೆಲಸಕ್ಕೆ ಉಪಯೋಗವಿಲ್ಲ.

ಎರಡು ಷರತ್ತುಗಳನ್ನು ಎಂದೂ ಹಾಕಬೇಡಿ. ಒಂದು, ದಂಧೆ ಬಿಟ್ಟರೆ ಮಾತ್ರ ಸಾಲ. ಇನ್ನೊಂದು, ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಮಾತ್ರ ಸಾಲ. ಮೊದಲನೆಯದರಿಂದ ಸುಳ್ಳು ಹುಟ್ಟುತ್ತದೆ, ಸುಳ್ಳು ಹೇಳಿದಾಕೆ ಪೀರ್‌ನಿಂದ ನಿರೋಧ್ ತೆಗೆದುಕೊಳ್ಳಲು ಹೆದರುತ್ತಾಳೆ. ಎರಡನೆಯದು ಕಾನೂನಿಗೇ ವಿರುದ್ಧ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಹೊರಗೆ ಬಿಡಬಾರದು ಎನ್ನುತ್ತದೆ. ಸಾಲ ಸಿಕ್ಕವರು ಯಾರು, ಸಿಗದವರು ಯಾರು ಎಂಬುದರಿಂದಲೇ ಊರಿಗೆಲ್ಲ ಫಲಿತಾಂಶ ಗೊತ್ತಾದರೆ ಸಂಘ ಅವತ್ತೇ ಮುರಿಯುತ್ತದೆ.

ದಿನದ ಕಂತಿನ ಸಾಲ

ಸಾಲಗಾರ 10,000 ಬರೆದುಕೊಂಡು 1,500 ಹಿಡಿದು 8,500 ಕೈಗೆ ಕೊಡುತ್ತಾನೆ. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. ಕೇಳಲು ಹಗುರ. ದಿನದಿನಕ್ಕೆ ಅಸಲು ಇಳಿಯುವುದನ್ನು ಹಿಡಿದು ವರ್ಷದ ಲೆಕ್ಕ ಹಾಕಿದರೆ ಬಡ್ಡಿ ನೂರಕ್ಕೆ 120ರ ಆಸುಪಾಸು. ಬಡ್ಡಿಗಿಂತ ಕೆಟ್ಟದ್ದು, ಗಿರಾಕಿ ಬರಲಿ ಬಿಡಲಿ ಆ 100 ಅವತ್ತೇ ಕೊಡಬೇಕಾದದ್ದು. ಬೇಡ ಎನ್ನುವ ಶಕ್ತಿಯನ್ನು ಕಿತ್ತುಕೊಳ್ಳುವುದು ಈ ದಿನದ ಒತ್ತಡ.

ಇಂಥ ಸಾಲವನ್ನು ಸಂಘದ ರೊಕ್ಕದಿಂದ ನಡುವೆ ತೀರಿಸಿ ಬಿಡಿಸಿಬಿಡೋಣ ಎಂದು ಮೊದಲು ಎಲ್ಲರಿಗೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಉಳಿದ 60 ದಿನಕ್ಕೆ ಆತ ಪೂರ್ತಿ 6,000 ಕೇಳುತ್ತಾನೆ, ಒಂದು ಪೈಸೆ ಬಿಡುವುದಿಲ್ಲ, ಬಡ್ಡಿಯನ್ನು ಮೊದಲೇ ಹಿಡಿದಾಗಿದೆ. ತೀರಿಸಿದರೆ ಲಾಭ ಏನೂ ಇಲ್ಲ. ನಿಜವಾದ ಗಾಳ ಇರುವುದು ನವೀಕರಣದಲ್ಲಿ. 60 ದಿನ ಕಟ್ಟಿದ ಮೇಲೆ ಆತನೇ ಬಂದು ಹೊಸದಾಗಿ 10,000 ಬರೆಯೋಣ ಎನ್ನುತ್ತಾನೆ. ಹಳೆಯ ಬಾಕಿ 4,000, ಹೊಸ ಬಡ್ಡಿ 1,500 ಹಿಡಿದರೆ ಕೈಗೆ ಬರುವುದು 4,500, ಸಾಲ ಮತ್ತೆ ಪೂರ್ತಿ 10,000. ಸಂಘ ನಿಲ್ಲಬೇಕಾದ ಜಾಗ ಇದು. ಯಾರ ಕಂತು 50ನೇ ದಿನ ದಾಟಿದೆ ಎಂದು ರೊಕ್ಕದ ಅಕ್ಕ ಗುರುತಿಟ್ಟುಕೊಂಡು, ನವೀಕರಣದ ಮಾತು ಬರುವ ಮುಂಚೆ ಆಕೆಗೆ ಬೇಕಾದ 4,500ನ್ನು ಸಂಘದಿಂದ ಕೊಡಬೇಕು. ಹಳೆಯ ಸಾಲ ತನ್ನ ನೂರನೇ ದಿನಕ್ಕೆ ತಾನೇ ತೀರುತ್ತದೆ. ನೂರಾ ಒಂದನೇ ದಿನದಿಂದ ಅದೇ 100ರಲ್ಲಿ 50 ಸಂಘದ ಸಾಲಕ್ಕೆ, 50 ಸ್ವಂತ ಗಂಟಿಗೆ. ದಿನಾ ಕೊಡುವ ರೂಢಿ ಆಗಲೇ ಇರುವುದರಿಂದ ಇದು ಸಲೀಸಾಗಿ ನಡೆಯುತ್ತದೆ.

ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿ ಸಾಲ ಬೇರೆ ಜಾತಿ. ಅಲ್ಲಿ ಅಸಲು ಹಾಗೇ ನಿಂತಿರುತ್ತದೆ, 10,000ಕ್ಕೆ ತಿಂಗಳಿಗೆ 1,000 ಬರೀ ಬಡ್ಡಿ. ಇದನ್ನು ಆದಷ್ಟು ಬೇಗ ಸಂಘದ ಸಾಲಕ್ಕೆ ವರ್ಗಾಯಿಸಬೇಕು. ರೊಕ್ಕವನ್ನು ಆಕೆಯ ಕೈಗೆ ಕೊಟ್ಟು ಕಳಿಸಬೇಡಿ, ದಾರಿಯಲ್ಲಿ ಅದಕ್ಕೆ ನೂರು ಹಕ್ಕುದಾರರು. ಮೂವರು ಸದಸ್ಯೆಯರು ಜೊತೆಗೆ ಹೋಗಿ, ಅಸಲು ಕೊಟ್ಟು, ಅಡವಿಟ್ಟ ರೇಷನ್ ಕಾರ್ಡ್, ಖಾಲಿ ಚೆಕ್, ಬಾಂಡ್ ಪೇಪರ್ ಅಲ್ಲೇ ಹಿಂದಕ್ಕೆ ಪಡೆಯಬೇಕು. ಬೆದರಿಕೆ ಹಾಕಿ ವಸೂಲಿ ಮಾಡುವುದರ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯ್ದೆಯಾಯಿತು. ಕಾಯ್ದೆಯ ಪ್ರತಿ ಸಂಘದ ಕಪಾಟಿನಲ್ಲಿರಲಿ.

ಎರಡನೇ ದುಡಿಮೆ

ಹೊಲಿಗೆ ಕಲಿಸುವುದು ಎಲ್ಲರ ಮೊದಲ ಆಯ್ಕೆ. ಅದು ವ್ಯರ್ಥ ಎಂದು ನಾವು ಹೇಳುವುದಿಲ್ಲ. ಚೆನ್ನೈನಲ್ಲಿ 100 ಮಹಿಳೆಯರ ಜೊತೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಚ್‌ಐವಿ ಮಾಹಿತಿಯ ಜೊತೆಗೆ ಸುಮಾರು 100 ಗಂಟೆ ಕ್ಯಾನ್ವಾಸ್ ಚೀಲ ಹೊಲಿಯುವ ತರಬೇತಿ ಪಡೆದವರ ಲೈಂಗಿಕ ಸಂಗಾತಿಗಳ ಸಂಖ್ಯೆ ಆರು ತಿಂಗಳಲ್ಲಿ ಇಳಿಯಿತು, ಆದಾಯ ಏರಿತು. ಆದರೆ ನಮ್ಮ ಕಡೆ ತರಬೇತಿ ಮುಗಿದ ಮೇಲೆ ಹೊಲಿಯಲು ಕೆಲಸ ಎಲ್ಲಿಂದ ಬರಬೇಕು ಎಂಬುದನ್ನು ಯೋಚಿಸಿದವರು ಕಡಿಮೆ. ಬ್ಲೌಸ್ ಹೊಲಿಯುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಕಲಿಯುವ ಮೂರು ತಿಂಗಳು ಮಧ್ಯಾಹ್ನದ ಹೊತ್ತು ಹೋಗುತ್ತದೆ, ಆ ಹೊತ್ತಿನ ಗಳಿಕೆಯೂ ಹೋಗುತ್ತದೆ. ಕಲಿಕೆಯ ದಿನಕ್ಕೆ ಭತ್ಯೆ ಇಲ್ಲದಿದ್ದರೆ ಆ ನಷ್ಟ ತುಂಬಲು ಆಕೆ ರಾತ್ರಿ ಹೆಚ್ಚು ಗಿರಾಕಿ ಹಿಡಿಯಬೇಕಾಗುತ್ತದೆ.

ನಮ್ಮ ಅಳತೆಗೋಲು ಮೂರು ಮಾತಿನದು: ದಿನಾ ನಗದು ಕೈಗೆ ಬರಬೇಕು, ಹೂಡಿಕೆ 5,000ದ ಒಳಗಿರಬೇಕು, ಎರಡು ದಿನ ನಿಲ್ಲಿಸಿದರೂ ಹಾಳಾಗಬಾರದು. ಹೂ ಕಟ್ಟುವುದು, ಮಿರ್ಚಿ ಗಾಡಿ, ಸಂತೆಯ ತರಕಾರಿ, ಬಳೆ ವ್ಯಾಪಾರ, ಜೋಳದ ರೊಟ್ಟಿ ಇವು ಹೊಂದುತ್ತವೆ. ರೊಟ್ಟಿಯ ಲೆಕ್ಕವನ್ನು ಮಾದರಿಗೆ ಹೇಳುತ್ತೇವೆ, ದರಗಳನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ. ಐದು ಕಿಲೊ ಹಿಟ್ಟು, ಬೀಸಿದ ಕೂಲಿ ಸೇರಿ 55ರಂತೆ 275. ಕಟ್ಟಿಗೆ ಅಥವಾ ಗ್ಯಾಸ್ 60, ಕವರ್ 15. ಒಟ್ಟು 350. ಕಿಲೊಗೆ 18 ಎಂದು ಹಿಡಿದರೆ 90 ರೊಟ್ಟಿ, 7 ರೂಪಾಯಿಯಂತೆ 630. ಉಳಿಯುವುದು 280, ಕೆಲಸ ನಾಲ್ಕೈದು ಗಂಟೆ, ಇಬ್ಬರು ಕೂಡಿದರೆ ಅರ್ಧ. ಕಡಕ್ ರೊಟ್ಟಿ ಮಾಡಿದರೆ ಉಳಿದದ್ದು ವಾರಗಟ್ಟಲೆ ಕೆಡುವುದಿಲ್ಲ. ಖಾನಾವಳಿಗಳಿಗೆ ಸಾಲ ಕೊಡುವುದರಿಂದ ಈ ವ್ಯಾಪಾರ ಮುಳುಗುತ್ತದೆ. ವಾರದ ಬಾಕಿ 1,000 ದಾಟಿದರೆ ಆ ಖಾನಾವಳಿಗೆ ರೊಟ್ಟಿ ನಿಲ್ಲಿಸಬೇಕು.

ಈ 280 ದಂಧೆಯ ಗಳಿಕೆಗೆ ಬದಲಿ ಆಗುವುದಿಲ್ಲ. ಬದಲಿ ಆಗಬೇಕು ಎಂದು ನಿರೀಕ್ಷಿಸುವುದೇ ತಪ್ಪು. ಅದು ದಿನಕ್ಕೆ ಒಬ್ಬ ಗಿರಾಕಿಯನ್ನು, ಕುಡಿದು ಬಂದವನನ್ನೋ ಕಾಂಡೋಮ್ ಒಲ್ಲೆ ಎನ್ನುವವನನ್ನೋ, ವಾಪಸ್ ಕಳಿಸುವ ಬೆಲೆ. ಕೆಲವರು ಮುಂದೆ ದಂಧೆ ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಇಬ್ಬರಿಗೂ ಎಚ್‌ಐವಿ ತಡೆ ಬೇಕು.

ಮನೆಯೊಳಗಿನ ಲೆಕ್ಕ

ಗಿರಾಕಿಗಳ ಜೊತೆ ಕಾಂಡೋಮ್ ಬಳಸುವ ಮಹಿಳೆಯರೂ ಕಾಯಂ ಸಂಗಾತಿಯ ಜೊತೆ ಬಳಸುವುದು ಕಡಿಮೆ. ಗಳಿಕೆಯ ಮೇಲೆ ಮೊದಲ ಹಕ್ಕು ಹೂಡುವವನೂ ಆತನೇ. ಉಳಿತಾಯ ಶುರುವಾದ ಎರಡು ಮೂರು ತಿಂಗಳಲ್ಲಿ ಕೈಗೆ ಬರುವುದು ಕಡಿಮೆಯಾಯಿತೆಂದು ಜಗಳ, ಹೊಡೆತ ಹೆಚ್ಚಬಹುದು. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಾಸ್‌ಬುಕ್ ಮತ್ತು ಕಾರ್ಡನ್ನು ಡಿಐಸಿಯ, ಅಂದರೆ ಯೋಜನೆಯವರು ಮಹಿಳೆಯರಿಗೆ ಬಂದು ಕೂರಲು ನಡೆಸುವ ಕೇಂದ್ರದ, ಬೀಗದ ಕಪಾಟಿನಲ್ಲಿ ಇಡಲು ಅವಕಾಶ ಇರಲಿ. ಬ್ಯಾಂಕಿನ ಎಸ್‌ಎಂಎಸ್ ಯಾರ ಫೋನಿಗೆ ಬರುತ್ತದೆ ಎಂದು ಖಾತೆ ತೆರೆಯುವ ದಿನವೇ ಕೇಳಿ. ಎಟಿಎಂ ಕಾರ್ಡ್ ಮತ್ತು ಅದರ ಪಿನ್ ಸಂಗಾತಿಯ ಹತ್ತಿರವೋ ಘರವಾಲಿಯ ಹತ್ತಿರವೋ ಇರುವುದು ಬಹಳ ಸಾಮಾನ್ಯ. ಅಂಥವರಿಗೆ ಕಾರ್ಡ್ ಇಲ್ಲದ ಖಾತೆಯೇ ಒಳ್ಳೆಯದು. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಮಗಳ ಓದಿಗೆ ಚೆನ್ನ. ಮೂರು ವರ್ಷದ ಮುಂಚೆ ಮುರಿಯಲು ಬರುವುದಿಲ್ಲವಾದ್ದರಿಂದ ತುರ್ತಿಗೆ ಅದು ಆಗದು. 10,000 ದಾಟಿದ ಸಾಲ ಕೇಳಿದಾಗ ಒಬ್ಬ ಹಿರಿಯ ಸದಸ್ಯೆ ಆಕೆಯ ಜೊತೆ ಒಂಟಿಯಾಗಿ ಕೂತು, ಸಾಲ ಯಾರಿಗಾಗಿ ಎಂದು ಕೇಳಬೇಕು. ಸಂಗಾತಿಯ ಬೈಕಿನ ಕಂತಿಗೆ ಎಂದು ಗೊತ್ತಾದರೆ ಸಾಲವನ್ನು ಸಂಘ ನಿರಾಕರಿಸಿದೆ ಎಂದು ಆಕೆ ಮನೆಯಲ್ಲಿ ಹೇಳಿಕೊಳ್ಳಬಹುದು. ಬೈಗುಳ ಸಂಘಕ್ಕೆ ಬರಲಿ.

ವಿಮೆಗೆ ಖರ್ಚು ಸಣ್ಣದು. ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436, ಸುರಕ್ಷಾ ಅಪಘಾತ ವಿಮೆಗೆ 20. ಎರಡೂ 2 ಲಕ್ಷದವು. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತವೆ, ಆಗ 456 ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಮೇ 20ಕ್ಕೆ ಎಲ್ಲರ ಖಾತೆ ನೋಡುವುದು ರೊಕ್ಕದ ಅಕ್ಕನ ಕೆಲಸ. ನಾಮಿನಿ ಹೆಸರು ಮಗುವಿನದೋ ತಾಯಿಯದೋ ಇರಲಿ. ಮಗು ಅಪ್ರಾಪ್ತ ವಯಸ್ಸಿನದಾದರೆ ರೊಕ್ಕ ಪಡೆಯಲು ಒಬ್ಬ ಹಿರಿಯರ ಹೆಸರನ್ನೂ ಬರೆಸಬೇಕು.

ಸರ್ಕಾರದ ಬಾಬತ್ತಿನಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ಎಲ್ಲಕ್ಕಿಂತ ಉಪಯೋಗದ್ದು, ಆದರೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು ಎಂಬುದರ ಮೇಲೆ ಅದು ನಿಂತಿದೆ. ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆ ‘ದಮನಿತ ಮಹಿಳೆಯರಿಗೆ’, ಅಂದರೆ ಲೈಂಗಿಕ ವೃತ್ತಿಯವರಿಗೆ, ಧನಶ್ರೀ ಎಚ್‌ಐವಿ ಸೋಂಕಿತ ಮಹಿಳೆಯರಿಗೆ. ಎರಡಕ್ಕೂ ಸೇವಾಸಿಂಧುವಿನಲ್ಲಿ ಅರ್ಜಿ. ಮಾಜಿ ದೇವದಾಸಿಯರ ಮಾಸಾಶನ 1993-94 ಮತ್ತು 2007-08ರ ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಸಿಗುತ್ತಾ ಬಂದಿದೆ. ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಮೊದಲು ನೋಡಿ, ಆಮೇಲೆ ಭರವಸೆ ಕೊಡಿ. ಧನಶ್ರೀ ಅರ್ಜಿಯನ್ನು ಸಂಘದ ಕಚೇರಿಯಲ್ಲಿ ತುಂಬಬೇಡಿ. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಕೋಣೆಯಲ್ಲೇ ಅದು ಆಗಬೇಕು.

ಸಂಘ ಎಲ್ಲಿ ಮುರಿಯುತ್ತದೆ

ಘರವಾಲಿ ಪದಾಧಿಕಾರಿಯಾದರೆ ಸಾಲ ಆಕೆಯ ಮಾತು ಕೇಳುವವರಿಗೆ ಮಾತ್ರ ಸಿಗುತ್ತದೆ. ಆಕೆ ಸದಸ್ಯೆಯಾಗಿ ಉಳಿತಾಯ ಮಾಡಲಿ, ಸಹಿಯ ಅಧಿಕಾರ ಬೇಡ. ಸಹಿದಾರರು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಒಂದೇ ಮನೆಯ ಇಬ್ಬರು ಇರಬಾರದು. ಪ್ರತಿ ತಿಂಗಳು ಪಾಸ್‌ಬುಕ್ಕಿನ ಶಿಲ್ಕನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದದೆ ಎರಡು ತಿಂಗಳು ಕಳೆದರೆ ಅಲ್ಲಿ ಏನೋ ಆಗಿದೆ ಎಂದೇ ತಿಳಿಯಿರಿ. ಹಾಳೆಯಲ್ಲಿ ಆದಾಯದ ಮೂಲ ಎಂಬ ಕಾಲಂ ಬೇಡ, ಆರೋಗ್ಯದ ಕಡತವೂ ಉಳಿತಾಯದ ಕಡತವೂ ಒಂದೇ ಕಪಾಟಿನಲ್ಲಿ ಬೇಡ.

ಎಲ್ಲರಿಗೂ ಒಟ್ಟಿಗೇ ಬೀಳುವ ಹೊಡೆತವನ್ನು ಹದಿನೈದು ಜನರ ಗಂಟು ತಾಳುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ದಂಧೆ ಒಂದೇ ದಿನ ಎಲ್ಲರಿಗೂ ನಿಂತಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗುರುತಿನ ಚೀಟಿ ಕೇಳದೆ ಒಣ ರೇಷನ್ ಕೊಡಬೇಕು ಎಂದು ಹೇಳುವವರೆಗೆ ತಿಂಗಳುಗಳೇ ಕಳೆದಿದ್ದವು. ಈಗ ಸಂಘದ ಗಂಟಿನ ಹತ್ತರಲ್ಲಿ ಒಂದು ಪಾಲು ಎಫ್‌ಡಿಯಲ್ಲಿ ಇಡುತ್ತೇವೆ, ಅದನ್ನು ಒಡೆಯಲು ಎಲ್ಲರ ಸಹಿ ಬೇಕು. ಊರಿಗೊಂದು ಸಂಘ ಇರುವ ಬದಲು ಹತ್ತಾರು ಸಂಘಗಳ ಒಕ್ಕೂಟ ಇದ್ದರೆ ಒಂದು ಕಡೆಯ ದಾಳಿಯ ಹೊಡೆತವನ್ನು ಇನ್ನೊಂದು ಕಡೆಯ ರೊಕ್ಕ ತಾಳುತ್ತದೆ.

ಫಲ ಅಳೆಯಲು ತಿಂಗಳಿಗೆ ನಾಲ್ಕು ಅಂಕಿ ಸಾಕು. 3,000 ತಕ್ಷಣ ತೆಗೆಯಬಲ್ಲವರು ಎಷ್ಟು ಜನ. ತುರ್ತು ಸಾಲ ಕೇಳಿದ ಹೊತ್ತಿನಿಂದ ಕೈಗೆ ಸಿಗಲು ಎಷ್ಟು ಗಂಟೆ. ದಿನದ ಕಂತಿನ ಸಾಲದಲ್ಲಿ ಇನ್ನೂ ಎಷ್ಟು ಜನ. ಹೋದ ವಾರ ಕಾಂಡೋಮ್ ಒಲ್ಲದ ಗಿರಾಕಿಯನ್ನು ವಾಪಸ್ ಕಳಿಸಲಾಗದೆ ಹೋದವರು ಎಷ್ಟು. ಕೊನೆಯದನ್ನು ಎದುರೆದುರು ಕೇಳಿದರೆ ನಾವು ಕೇಳಲು ಬಯಸುವ ಉತ್ತರವೇ ಬರುತ್ತದೆ. ಪರದೆಯ ಹಿಂದೆ ಮುಚ್ಚಳದ ಮಡಕೆ ಇಡಿ, ಕೈಗೆ ಒಂದು ಜೋಳದ ಕಾಳು, ಒಂದು ಹುಣಸೆ ಬೀಜ ಕೊಡಿ. ವಾಪಸ್ ಕಳಿಸಿದವರು, ಅಂಥವನೇ ಬಾರದವರು ಜೋಳ ಹಾಕಲಿ, ಆಗದವರು ಹುಣಸೆ ಬೀಜ. ಉಳಿದ ಕಾಳನ್ನು ಮಡಿಲಲ್ಲಿಟ್ಟುಕೊಂಡು ಹೋಗಲಿ. ಹುಣಸೆ ಬೀಜ ಹೆಚ್ಚಿದ ತಿಂಗಳು ತುರ್ತು ಗಂಟಿನ ಹಾಳೆ ತೆಗೆದು ನೋಡಿ. ಆ ವಾರ ಸಾಲ ತಡವಾಗಿದೆಯೇ, ಯಾರಿಗಾದರೂ ಇಲ್ಲ ಎಂದಿದ್ದೇವೆಯೇ, ಪೆಟ್ಟಿಗೆ ಖಾಲಿಯಿತ್ತೇ ಎಂದು ಹುಡುಕಿ, ಕಂಡದ್ದನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಬರೆಯಿರಿ.

ವಲಸೆ ಹೋಗುವವರಿಗೆ ಬೇರೆ ನಿಯಮ ಬೇಕು. ನಮ್ಮ ಕಡೆಯಿಂದ ಸಾಂಗ್ಲಿ, ಪುಣೆ, ಮುಂಬಯಿ, ಗೋವಾಗೆ ತಿಂಗಳುಗಟ್ಟಲೆ ಹೋಗುತ್ತಾರೆ. ಹೋಗುವ ದಿನ ಕಾರ್ಡಿನಲ್ಲಿ ‘ರಜೆ’ ಎಂದು ಬರೆದು ಸಹಿ, ಆ ದಿನದಿಂದ ಸಾಲದ ಮೇಲಿನ ಬಡ್ಡಿ ನಿಲ್ಲುತ್ತದೆ, ಸದಸ್ಯತ್ವ ಉಳಿಯುತ್ತದೆ. ಎಆರ್‌ಟಿ ತೆಗೆದುಕೊಳ್ಳುವವರು ಹೊರಡುವ ಮುಂಚೆ ಕೇಂದ್ರಕ್ಕೆ ತಿಳಿಸಿ, ಹೋಗುವ ಊರಿನ ಕೇಂದ್ರದ ವಿಳಾಸ ಪಡೆದಿರಬೇಕು. ಅದನ್ನು ನೆನಪಿಸುವುದು ಪೀರ್ ಅಕ್ಕನ ಕೆಲಸ, ರೊಕ್ಕದ ಅಕ್ಕನದ್ದಲ್ಲ. ಸ್ವಂತ ಗಂಟು ಬೇಕೆಂದರೆ ಹೊರಡುವ ದಿನವೇ ಪೂರ್ತಿ ಕೊಟ್ಟುಬಿಡಿ. ಕೊಡಲು ತಡ ಮಾಡಿದರೆ, ಅಲ್ಲಿ ಇಳಿದ ಮೊದಲ ರಾತ್ರಿ ಆಕೆಯ ಕೈಯಲ್ಲಿ ಏನೂ ಇರುವುದಿಲ್ಲ.